ಶೋರೂಂಗೆ ಕಾರು ಬಿಡುವ ಮುನ್ನ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ನಿನ್ನೆ ಇಲ್ಲೇ ದಾವಣಗೆರೆಯಲ್ಲಿ ಕಾರು ಸರ್ವಿಸ್‌ಗೆ ಬಿಟ್ಟಿದ್ದೆ. ಬೆಳಿಗ್ಗೆ 6,000 ಅಂದವರು ಸಂಜೆ 11,400ರ ಬಿಲ್ ಕೈಗಿಟ್ಟರು. ಎಸಿ ಫಿಲ್ಟರ್ ಹೊಸದಂತೆ. ತೆಗೆದು ನೋಡಿದರೆ ಅದೇ ಹಳೆಯದು, ಒಣಗಿದ ಬೇವಿನ ಎಲೆ ಸಮೇತ! ಕೇಳಿದ ಮೇಲೆ ಅದರ ದುಡ್ಡನ್ನು ಬಿಲ್‌ನಿಂದ ಕಳೆದರು. ಕೇಳದವರ ಗತಿ ಏನು ಹೇಳಿ?

ದಯವಿಟ್ಟು ಕೆಲಸ, ಅಂದಾಜು ಮೊತ್ತ ಎರಡನ್ನೂ ಬರೆಸಿಕೊಳ್ಳದೆ ಜಾಬ್ ಕಾರ್ಡ್‌ಗೆ (ಶೋರೂಂನವರು ಕೆಲಸ ಬರೆದುಕೊಳ್ಳುವ ಹಾಳೆ) ಸುಮ್ನೆ ಸಹಿ ಹಾಕಬೇಡಿ. ಬಿಚ್ಚಿದ ಹಳೇ ಪಾರ್ಟ್ಸ್ ವಾಪಸ್ ಕೇಳಿ. ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18% ಆಗಿದೆ, 28% ಹಾಕಿದ್ದರೆ ಬಿಡಬೇಡಿ. ವಾರಂಟಿ ಮುಗಿದವರು ಹೊರಗಿನ ಗ್ಯಾರೇಜಿನಲ್ಲೂ ರೇಟ್ ವಿಚಾರಿಸಿ. ದೂರು ಕೊಡಲು ಗ್ರಾಹಕ ಸಹಾಯವಾಣಿ 1915.

ನಿಮ್ಮ ಸರ್ವಿಸ್ ಬಿಲ್ ಫೋಟೋ ಗುಂಪಿಗೆ ಹಾಕಿ, ಹೋಲಿಸಿ ನೋಡೋಣ. ಹೆಸರು, ನಂಬರ್ ಮುಚ್ಚಿ ಹಾಕಿ.