ದಂಡ ಸರ್ಕಾರಕ್ಕೆ, ಹೊಗೆ ಸಪ್ಲೈಯರ್‌ಗೆ

ಮಾನ್ಯ ಸಂಪಾದಕರೇ,

ಸಾರ್ವಜನಿಕ ಜಾಗದಲ್ಲಿ ಸಿಗರೇಟು ಸೇದಿದರೆ 200 ರೂಪಾಯಿ ಇದ್ದ ದಂಡ ನಮ್ಮ ರಾಜ್ಯದಲ್ಲಿ 2025ರಲ್ಲಿ 1000 ಆಯಿತು. ಒಳ್ಳೆಯದೇ. ಆದರೆ ಆ ಸಾವಿರವೂ ಸರ್ಕಾರದ ಬೊಕ್ಕಸಕ್ಕೇ ಹೋಗುತ್ತದೆ. ಸೇದದೆ ಸುಮ್ನೆ ಹೊಗೆ ಕುಡಿದವನಿಗೆ ಏನು ಸಿಕ್ಕಿತು?

ನಾನು ಒಂದು ಬಾರ್ ಆಂಡ್ ರೆಸ್ಟೋರೆಂಟಿನ ಗಲ್ಲಾದಲ್ಲಿ 14 ವರ್ಷ ಕೂತವನು. ಬೀಡಿ, ಸಿಗರೇಟು ಮುಟ್ಟಿದವನಲ್ಲ. ರಾತ್ರಿ ಒಂಬತ್ತರ ಮೇಲೆ ಟ್ಯೂಬ್‌ಲೈಟಿನ ಕೆಳಗೆ ಹೊಗೆ ಪದರ ಪದರವಾಗಿ ನಿಲ್ಲುತ್ತಿತ್ತು, ಕೈಗೆ ಬರುವ ನೋಟಿಗೂ ಅದೇ ವಾಸನೆ. ಈಗ ಮಹಡಿ ಹತ್ತುವಷ್ಟರಲ್ಲಿ ಎರಡು ಸಲ ನಿಂತು ದಮ್ಮು ತಗೋಬೇಕು. ಡಾಕ್ಟರು ಮೊದಲು ಕೇಳಿದ್ದೇ ದಿನಕ್ಕೆ ಎಷ್ಟು ಪ್ಯಾಕು ಅಂತ.

ಕಾನೂನು ಇಲ್ಲ ಅಂತಲ್ಲ. 2001ರಲ್ಲಿ ಮುರಳಿ ದೇವ್ರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಆಸ್ಪತ್ರೆ, ಶಾಲೆ, ಕೋರ್ಟು, ರೈಲುಗಳಲ್ಲಿ ಧೂಮಪಾನ ನಿಲ್ಲಿಸಿತು. ಆ ಪಟ್ಟಿಯಲ್ಲಿ ಬಾರು ಇರಲಿಲ್ಲ. 2008ರ ಅಕ್ಟೋಬರ್ 2ರಿಂದ ಬಂದ ನಿಯಮಗಳಲ್ಲಿ ನಾವೂ ಸೇರಿದೆವು. 30ಕ್ಕಿಂತ ಕಡಿಮೆ ಸೀಟಿದ್ದರೆ ಸೇದುವುದಕ್ಕೆ ಬೇರೆ ಕೋಣೆಯೂ ಇಲ್ಲ, ಆಶ್‌ಟ್ರೇ, ಬೆಂಕಿಪೊಟ್ಟಣ ಕೊಡುವ ಹಾಗಿಲ್ಲ. ನಮ್ಮಲ್ಲೂ ಆಶ್‌ಟ್ರೇ ಕೊಡುತ್ತಿರಲಿಲ್ಲ ಬಿಡಿ. ಪೇಪರ್ ಕಪ್ಪಿಗೆ ಎರಡು ಬೆರಳು ನೀರು ಹಾಕಿ ಟೇಬಲ್ ಮೇಲೆ ಇಡಬೇಕು, ಮಾಲೀಕರೇ ಹೇಳಿಕೊಟ್ಟ ಉಪಾಯ. ರಾತ್ರಿ ಆ ಕಪ್ಪುಗಳನ್ನೆಲ್ಲ ಚೆಲ್ಲುತ್ತಿದ್ದ ಹುಡುಗನಿಗೆ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ.

‘ಇಲ್ಲಿ ಧೂಮಪಾನ ಅಪರಾಧ’ ಅನ್ನುವ ಬೋರ್ಡಿನಲ್ಲಿ ಯಾರಿಗೆ ದೂರು ಕೊಡಬೇಕು ಅಂತ ಹೆಸರೂ ಇರಬೇಕು. ನಮ್ಮ ಬೋರ್ಡಿನಲ್ಲಿ ಇದ್ದದ್ದು ನನ್ನದೇ ಹೆಸರು! ಯಾರಾದರೂ ದೂರಿದರೆ ನಾನು ನಕ್ಕು, ಫ್ಯಾನು ಜಾಸ್ತಿ ಮಾಡುತ್ತಿದ್ದೆ. ಸೇದಬೇಡಿ ಅಂದರೆ ಗಿರಾಕಿ ಎದ್ದು ಹೋಗುತ್ತಾನೆ, ಆಮೇಲೆ ನಾನೂ ಹೋಗಬೇಕಾಗುತ್ತಿತ್ತು.

ಆಸ್ಟ್ರೇಲಿಯಾದ ಪೋರ್ಟ್ ಕೆಂಬ್ಲಾದಲ್ಲಿ ಮಾರ್ಲೀನ್ ಶಾರ್ಪ್ ಅಂತ ಒಬ್ಬರು ಬಾರಿನಲ್ಲಿ ಕೆಲಸ ಮಾಡುತ್ತಿದ್ದರು. ಸೇದುವವರಲ್ಲ, ಆದರೂ ಗಂಟಲ ಕ್ಯಾನ್ಸರ್ ಬಂತು. 2001ರಲ್ಲಿ ಜ್ಯೂರಿ ಅವರಿಗೆ ಸುಮಾರು 4.66 ಲಕ್ಷ ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಡಿಸಿತು. ಸಿಗರೇಟು ಸೇದಿದ ಗಿರಾಕಿಯಿಂದ ಅಲ್ಲ, ಕೆಲಸಕ್ಕೆ ಇಟ್ಟುಕೊಂಡವರಿಂದ.

ನಮ್ಮಲ್ಲಿ 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ಕೆಲಸದಿಂದ ಬರುವ ಕಾಯಿಲೆಗಳದ್ದೇ ಒಂದು ಪಟ್ಟಿ ಇತ್ತು. ಕಲ್ಲಿನ ಧೂಳು, ಕಲ್ನಾರಿನ ಧೂಳಿನ ಕಾಯಿಲೆ ಅದರಲ್ಲಿದ್ದವು. ಬೇರೆಯವರ ಸಿಗರೇಟಿನ ಹೊಗೆ ಇರಲಿಲ್ಲ. ಆಗ ನನ್ನಂಥವನು ಸಿವಿಲ್ ದಾವೆ ಹೂಡಿ, ಈ ದಮ್ಮು ಆ ಬಾರಿನ ಹೊಗೆಯಿಂದಲೇ ಬಂತು, ಬಸ್ಸಿನ ಹೊಗೆಯಿಂದಲ್ಲ, ಮನೆಯ ಒಲೆಯಿಂದಲ್ಲ ಅಂತ ತೋರಿಸಬೇಕು. ಗಲ್ಲಾದಲ್ಲಿ ಕೂತವನ ಕೈಲಿ ಆಗುವ ಕೆಲಸವೇ ಅದು?

ನಾನು ಕೇಳುವುದು ಇಷ್ಟೇ. ಹೊಗೆಯ ಕಾಯಿಲೆಯನ್ನೂ ಅಂಥ ಪಟ್ಟಿಗೆ ಸೇರಿಸಲಿ. ನಿಯಮ ಮುರಿದ ಜಾಗದಲ್ಲಿ ವರ್ಷಗಟ್ಟಲೆ ದುಡಿದವನಿಗೆ ಶ್ವಾಸಕೋಶ ಕೆಟ್ಟರೆ, ಅದು ತನ್ನ ಬಾರಿನ ಹೊಗೆಯಿಂದ ಬಂದದ್ದಲ್ಲ ಅಂತ ಮಾಲೀಕರೇ ಸಾಬೀತು ಮಾಡಲಿ. ಬೋರ್ಡಿನ ಮೇಲೆ ಕ್ಯಾಷಿಯರ್ ಹೆಸರು ಬೇಡ, ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವರದ್ದೇ ಹಾಕಿಸಲಿ.

— ಒಬ್ಬ ಮಾಜಿ ಕ್ಯಾಷಿಯರ್, ದಾವಣಗೆರೆ