ಕೆಲಸದ ಹೊತ್ತಿನಲ್ಲಿ ಮಗುವನ್ನು ಎಲ್ಲಿ ಬಿಡಬೇಕು?

ಮಾನ್ಯರೇ,

ಅಂಗನವಾಡಿಯನ್ನು ಮಧ್ಯಾಹ್ನಕ್ಕೇ ಮುಚ್ಚಿದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನು ಓದಿದೆ. ಅಂದು ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದ ಮಕ್ಕಳಲ್ಲಿ ನನ್ನ ಮಗಳೂ ಒಬ್ಬಳು. ಕಾರ್ಯಕರ್ತೆಯನ್ನು ದಿಢೀರನೆ ಸಮೀಕ್ಷೆಗೆ ಕರೆಸಿಕೊಂಡವರು ಹಿಂದಿನ ದಿನವೇ ಪೋಷಕರಿಗೆ ಒಂದು ಮಾತು ತಿಳಿಸಬಹುದಿತ್ತು. ಸಹಾಯಕಿ ನನಗೆ ಫೋನ್ ಮಾಡಿದ್ದರಂತೆ. ಆದರೆ ನಾನು ಹೊಲಿಗೆ ಕೆಲಸ ಮಾಡುವ ಗಾರ್ಮೆಂಟ್ಸ್‌ನಲ್ಲಿ ಮೊಬೈಲನ್ನು ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕು. ಪಕ್ಕದ ಮನೆಯವರು ಮಗುವನ್ನು ಕರೆದುಕೊಂಡು ಹೋದರೆಂಬುದು ನನಗೆ ತಿಳಿದದ್ದು ಸಂಜೆ ಕೆಲಸ ಬಿಟ್ಟ ಮೇಲೆ. ಮರುದಿನ ಅಂಗನವಾಡಿಯ ಬಾಗಿಲು ತೆರೆಯುವುದನ್ನು ಕಣ್ಣಾರೆ ನೋಡಿಯೇ ಹೊರಟೆ. ತಡವಾಯಿತೆಂದು ಅರ್ಧ ದಿನದ ಸಂಬಳ ಹೋಯಿತು, ಸೂಪರ್‌ವೈಸರ್‌ರಿಂದ ಎಲ್ಲರೆದುರು ಬೈಸಿಕೊಂಡದ್ದೂ ಆಯಿತು.

ಇಷ್ಟೆಲ್ಲ ಆದ ಮೇಲೆ, ದುಡಿಯುವ ತಾಯಂದಿರು ತಮಗೆ ಅನುಕೂಲವಾದ ಬೇರೆ ವ್ಯವಸ್ಥೆ ನೋಡಿಕೊಳ್ಳಬೇಕು ಎಂದು ಅಧಿಕಾರಿಯೊಬ್ಬರು ಹೇಳಿದ್ದಾರೆ. ಯಾವ ವ್ಯವಸ್ಥೆ, ಸ್ವಾಮಿ? ಖಾಸಗಿ ಶಿಶುಪಾಲನಾ ಕೇಂದ್ರಕ್ಕೆ ಶುಲ್ಕ ಕಟ್ಟಿದರೆ ನಮ್ಮ ಸಂಬಳದಲ್ಲಿ ಮನೆ ಬಾಡಿಗೆಗೆ ಉಳಿಯುವುದಿಲ್ಲ. ಸಾಲ ಮಾಡಿ ಕಟ್ಟಿದರೂ ನಮ್ಮ ಪಾಳಿಗೆ ಮೊದಲು ಅದು ತೆರೆಯುವುದಿಲ್ಲ, ಓವರ್‌ಟೈಮ್ ಇದ್ದ ದಿನ ಕಾಯುವುದಿಲ್ಲ, ಮೈ ಬೆಚ್ಚಗಿರುವ ಮಗುವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಅಲ್ಲಿ ಆಟಿಕೆಗಳಿವೆಯೇ, ಹಾಡು ಕಲಿಸುತ್ತಾರೆಯೇ ಎಂದು ಕೇಳುವ ಯೋಗ ನಮಗಿಲ್ಲ. ಬೆಳಿಗ್ಗೆ ಎಷ್ಟು ಹೊತ್ತಿಗೆ ತೆರೆಯುತ್ತೀರಿ, ತಡವಾದರೆ ಮಗುವನ್ನು ಇಟ್ಟುಕೊಂಡಿರುತ್ತೀರಾ ಎಂದಷ್ಟೇ ಕೇಳುತ್ತೇವೆ. ನನ್ನ ಪಕ್ಕದ ಮಷಿನ್‌ನಲ್ಲಿ ಕೂರುವ ಗೆಳತಿ ಬೇರೆ ದಾರಿ ಕಾಣದೆ, ಐದನೇ ತರಗತಿಯಲ್ಲಿದ್ದ ಹಿರಿಮಗಳನ್ನು ಶಾಲೆ ಬಿಡಿಸಿ ಕೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಇರಿಸಿದ್ದಾಳೆ. ಬಹುಶಃ ಅಧಿಕಾರಿಗಳು ಹೇಳುವ ಬೇರೆ ವ್ಯವಸ್ಥೆ ಇದೇ ಇರಬೇಕು.

ಕಾಯ್ದೆಗಳಿಗೇನೂ ಕೊರತೆಯಿಲ್ಲ. 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯೇ ಹೇಳಿತ್ತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಅದು ಕಡ್ಡಾಯ, ತಾಯಿ ದಿನಕ್ಕೆ 4 ಬಾರಿ ಮಗುವನ್ನು ನೋಡಿಬರಬಹುದು ಎಂದು 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯೂ ಆಯಿತು. ನಮ್ಮಲ್ಲೂ ಬಾಗಿಲ ಮೇಲೆ ಮೊಲದ ಚಿತ್ರ ಬರೆದ ಕೊಠಡಿಯೊಂದಿದೆ. ತಪಾಸಣೆಯ ದಿನ ತೊಟ್ಟಿಲುಗಳ ಧೂಳು ಒರೆಸುತ್ತಾರೆ. ಉಳಿದ ದಿನಗಳಲ್ಲಿ ಅಲ್ಲಿ ಬಟ್ಟೆಯ ಬಂಡಲ್‌ಗಳಿರುತ್ತವೆ. ಬಂದವರು ರಿಜಿಸ್ಟರ್‌ಗೆ ಸಹಿ ಹಾಕಿ ಹೋಗುತ್ತಾರೆಯೇ ಹೊರತು ಒಬ್ಬ ತಾಯಿಯನ್ನೂ ಮಾತನಾಡಿಸುವುದಿಲ್ಲ. ಇನ್ನು, 26 ವಾರಗಳ ಹೆರಿಗೆ ರಜೆ ಸಿಕ್ಕವರಿಗೂ ಅದು ಮುಗಿಯುವಾಗ ಮಗುವಿಗೆ ಹೆಚ್ಚೆಂದರೆ ಆರು ತಿಂಗಳು. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ. ನಡುವಿನ ಎರಡೂವರೆ ವರ್ಷ ಆ ಮಗು ಯಾರ ಕೈಯಲ್ಲಿರಬೇಕು?

ಇದೇ ಅಂಗನವಾಡಿಯ ಸೋರುವ ಚಾವಣಿ, ನೀರಿಲ್ಲದ ಶೌಚಾಲಯದ ಬಗ್ಗೆ ನಾವೆಲ್ಲ ಸಹಿ ಹಾಕಿ ಕೊಟ್ಟ ಮನವಿ ಏನಾಯಿತೆಂದು ವಿಚಾರಿಸಿದರೆ, ಆಗಿನ ಸಾಹೇಬರು ವರ್ಗವಾಗಿದ್ದಾರೆ ಎನ್ನುತ್ತಾರೆ. ಅವರೊಂದಿಗೆ ಮನವಿಯೂ ವರ್ಗವಾಯಿತೇ? ಕಾರ್ಯಕರ್ತೆಯರಿಗೆ ಸಂಬಳದ ಬದಲು ಗೌರವಧನ ಕೊಟ್ಟು, ಸಿಕ್ಕಸಿಕ್ಕ ಸಮೀಕ್ಷೆಗಳಿಗೆಲ್ಲ ಅವರನ್ನೇ ಓಡಿಸುವುದು ಯಾವ ನ್ಯಾಯ?

ಅಂಗನವಾಡಿಯನ್ನು ಸಂಜೆಯವರೆಗೆ ನಡೆಸಬೇಕು, ಇಲ್ಲವೇ ಕಾರ್ಖಾನೆಗಳ ಕೊಠಡಿಗಳಲ್ಲಾದರೂ ಮಕ್ಕಳಿರುವಂತೆ ಸಂಬಂಧಪಟ್ಟವರು ನೋಡಿಕೊಳ್ಳಬೇಕು. ಸಮೀಕ್ಷೆಗೆ ಬೇರೆ ಸಿಬ್ಬಂದಿಯನ್ನು ಹುಡುಕಿಕೊಳ್ಳಲಿ. ಇದ್ಯಾವುದೂ ಕೈಲಾಗದಿದ್ದರೆ ಆ ಕುರ್ಚಿಯಲ್ಲಿ ಕೂರುವುದಾದರೂ ಏಕೆ?

– ಗಾರ್ಮೆಂಟ್ಸ್ ಕಾರ್ಮಿಕ ತಾಯಿ