ಕೆಳಗಿನ ಪಟ್ಟಿಯ ಬಣ್ಣ: ಕಿವಿಎಂಡಿ 1.2.0 ಬಳಸುವವರಿಗೆ

ಎಲ್ಲರ ಗಮನಕ್ಕೆ. ಕಿವಿಎಂಡಿ ಎಂದರೆ ಪೈಥಾನ್‌ನಲ್ಲಿ ಆ್ಯಪ್ ಕಟ್ಟುವ ಕಿವಿ (Kivy) ಚೌಕಟ್ಟಿನ ವಿಜೆಟ್ ಸಂಗ್ರಹ. ಅದರ ಎಂಡಿ ಬಾಟಮ್ ನ್ಯಾವಿಗೇಶನ್‌ಗೆ (ಪರದೆಯ ಕೆಳಗಿನ ಟ್ಯಾಬ್ ಪಟ್ಟಿಗೆ) ಬಣ್ಣ ಕೊಟ್ಟರೂ ಪಟ್ಟಿ ಬೆಳ್ಳಗೇ ಉಳಿದರೆ ಮೊದಲು ಅಂಕಿ ನೋಡಿ. ಕಿವಿಯಲ್ಲಿ ಬಣ್ಣದ ಅಳತೆ 0ರಿಂದ 1, 255ರವರೆಗೆ ಅಲ್ಲ. ಕೆಂಪು, ಹಸಿರು, ನೀಲಿಗೆ 34, 139, 34 ಎಂದು ಬರೆದರೆ ಮೂರೂ 1 ದಾಟಿ ಬಿಳಿಯಾಗುತ್ತದೆ. 255ರಿಂದ ಭಾಗಿಸಿ 0.13, 0.55, 0.13, ಕೊನೆಗೆ ಅಪಾರದರ್ಶಕತೆಗೆ 1 ಎಂದು ಕೊಡಿ, ಹಸಿರು ಬರುತ್ತದೆ. ಲೆಕ್ಕ ಬೇಡವೆಂದರೆ ಹೆಕ್ಸ್ ಕೋಡನ್ನೇ (#228B22 ತರಹದ್ದು) ಉದ್ಧರಣ ಚಿಹ್ನೆಯೊಳಗೆ ಹಾಕಿ. (ನಮ್ಮ ಮಟ್ಟಿಗೆ ಅದೇ ವಾಸಿ.)

ಪಟ್ಟಿಯ ಹಿನ್ನೆಲೆಗೆ ಬಳಸುವ ಗುಣ ಪ್ಯಾನೆಲ್_ಕಲರ್ (panel_color). ಆಯ್ಕೆಯಾದ ಟ್ಯಾಬಿನ ಅಕ್ಷರಕ್ಕೆ ಟೆಕ್ಸ್ಟ್_ಕಲರ್_ಆ್ಯಕ್ಟಿವ್ (text_color_active), ಉಳಿದವಕ್ಕೆ ಟೆಕ್ಸ್ಟ್_ಕಲರ್_ನಾರ್ಮಲ್ (text_color_normal). ಹಿನ್ನೆಲೆ ಗಾಢವಾದರೆ ಈ ಕೊನೆಯದನ್ನು ಬದಲಿಸದೆ ಬಿಡಬೇಡಿ, ಐಕಾನ್‌ಗಳು ಕಾಣದೇ ಹೋಗುತ್ತವೆ.

ಕಿವಿಎಂಡಿ 2.0ರಲ್ಲಿ ಈ ವಿಜೆಟ್ಟಿನ ಹೆಸರೇ ಬದಲಾಗಿ ಎಂಡಿ ನ್ಯಾವಿಗೇಶನ್ ಬಾರ್ ಆಗಿದೆ. ಹಾಗಾಗಿ ಬಿಲ್ಡೋಜರ್ (ಆ್ಯಪನ್ನು ಆಂಡ್ರಾಯ್ಡ್‌ಗೆ ಕಟ್ಟುವ ಸಾಧನ) ಸ್ಪೆಕ್ ಫೈಲಿನ ರಿಕ್ವೈರ್‌ಮೆಂಟ್ಸ್ ಸಾಲಿನಲ್ಲಿ ಕಿವಿಎಂಡಿ ಆವೃತ್ತಿ 1.2.0 ಎಂದು ನಮೂದಿಸಿಯೇ ಎಪಿಕೆ (ಆಂಡ್ರಾಯ್ಡ್ ಆ್ಯಪ್ ಫೈಲು) ಕಟ್ಟಿ.